ಅಕ್ಕನ ಎಡಗೈ ಗಂಟು

ನಮ್ಮ ಅಂಗಡಿಗೆ ಬರುವ ಪ್ರಬಂಧಗಳಲ್ಲಿ ಹತ್ತಕ್ಕೆ ಏಳು ಇನ್ನೊಂದು ಪ್ರಬಂಧದ ಹೊಟ್ಟೆಯಲ್ಲಿ ಹುಟ್ಟಿದವು. ಇದನ್ನು ಹೇಳುವ ಹಕ್ಕು ನನಗಿದೆ, ಟೈಪ್ ಮಾಡುವವಳು ನಾನು. ಮೂರನೇ ಪುಟ ತಲುಪುವಷ್ಟರಲ್ಲಿ, ಇದೇ ವಾಕ್ಯವನ್ನು ಹೋದ ವರ್ಷ ಯಾರಿಗೆ ಹೊಡೆದುಕೊಟ್ಟಿದ್ದೆ ಎಂದು ನನ್ನ ಬೆರಳುಗಳಿಗೇ ಗೊತ್ತಾಗಿಬಿಡುತ್ತದೆ. "ಮೇಡಂ, ಸ್ವಲ್ಪ ಅರ್ಜೆಂಟು" ಎಂದು ಯಾರಾದರೂ ಹಲ್ಲು ಗಿಂಜಿದರೆ, "ನಕಲಿಗೇನಪ್ಪಾ ಅರ್ಜೆಂಟು, ಅಸಲು ಆಗಲೇ ಪಾಸಾಗಿದೆಯಲ್ಲ" ಎಂದುಬಿಡುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಗಿರಾಕಿಗಳು ಬಿಟ್ಟುಹೋಗಿಲ್ಲವೆಂದರೆ ಅದು ನನ್ನ ಬೆನ್ನ ಹಿಂದೆ ಕೂತು ಕೆಲಸ ಮಾಡುವ ಅಕ್ಕನ ಪುಣ್ಯ.

ವಿಶ್ವವಿದ್ಯಾಲಯದ ಹಿಂಬಾಗಿಲ ಎದುರು ಹತ್ತಡಿ ಅಗಲದ ಅಂಗಡಿ ನಮ್ಮದು. ಮುಂದೆ ನಾನು, ಕಂಪ್ಯೂಟರು, ಎರಡು ಜೆರಾಕ್ಸ್ ಯಂತ್ರ. ಹಿಂದೆ ಅಕ್ಕ, ರಟ್ಟು, ರೆಕ್ಸಿನ್ನು, ದಾರ, ದಬ್ಬಣ, ಮೈದಾ ಅಂಟಿನ ಬಟ್ಟಲು. ನಾನು ಹೊಡೆದ ಹಾಳೆಗಳನ್ನು ಅವಳು ಹೊಲಿದು, ಕಪ್ಪು ರಟ್ಟು ಹಾಕಿ, ಮೇಲೆ ಚಿನ್ನದ ಅಕ್ಷರ ಒತ್ತುತ್ತಾಳೆ. ಈ ಊರಿನಲ್ಲಿ ಎಂ.ಎ. ಮಾಡಿದವರ ಮನೆಗಳ ಕಪಾಟಿನಲ್ಲಿ ಅಕ್ಕನ ಕೈಕೆಲಸ ಒಂದಾದರೂ ಇದ್ದೇ ಇರುತ್ತದೆ. ಅವರು ತಮ್ಮ ಪ್ರಬಂಧವನ್ನು ಮತ್ತೆ ತೆರೆದು ನೋಡಿರುತ್ತಾರೋ ಇಲ್ಲವೋ, ತೆರೆದರೆ ಒಂದು ಹಾಳೆಯೂ ಕಿತ್ತು ಬರುವುದಿಲ್ಲ. ಅದಕ್ಕೆ ನಾನು ಜಾಮೀನು.

ಅಕ್ಕ ಎಡಚಿ. ಹೊಲಿಗೆ ಮುಗಿಸಿ ಹಾಕುವ ಗಂಟು ಬೇರೆಯವರ ಗಂಟಿಗಿಂತ ಉಲ್ಟಾ ತಿರುಗಿರುತ್ತದೆ. ಅವಳಿಗೆ ಕೆಲಸ ಕಲಿಸಿದವರು ಗೋಂದಜ್ಜ. ಬಟ್ಟೆ, ಕೈ, ಗಡ್ಡ ಎಲ್ಲದರಲ್ಲೂ ಅಂಟು ಮೆತ್ತಿಕೊಂಡಿರುತ್ತಿದ್ದುದರಿಂದ ನಾವಿಟ್ಟ ಹೆಸರು. ಆ ಉಲ್ಟಾ ಗಂಟನ್ನು ತಿದ್ದಲು ಅಜ್ಜ ಆರು ತಿಂಗಳು ಒದ್ದಾಡಿ, ಕೊನೆಗೆ "ಹೋಗ್ಲಿ ಬಿಡು, ಗಟ್ಟಿ ಇದ್ರೆ ಸಾಕು" ಎಂದು ಕೈಬಿಟ್ಟಿದ್ದರಂತೆ. ಇನ್ನೆರಡು ವಿಷಯಗಳನ್ನು ಮಾತ್ರ ಅವರು ಬಿಡಲಿಲ್ಲ. ಒಂದು, ಪುಸ್ತಕಗಳು ಕಪಾಟಿನಲ್ಲಿ ಯಾವ ಕ್ರಮದಲ್ಲಿ ಇದ್ದವೋ ಅದೇ ಕ್ರಮದಲ್ಲಿ ಕಟ್ಟಬೇಕು, ಅದೇ ಕ್ರಮದಲ್ಲಿ ವಾಪಸ್ ಕೊಡಬೇಕು. ಇನ್ನೊಂದು, ಕೈಯಲ್ಲಿರುವ ಕಾಗದವನ್ನು ಓದಬಾರದು. "ಓದ್ತಾ ಕೂತ್ರೆ ಅಂಟು ಒಣಗುತ್ತೆ" ಎನ್ನುವುದು ಅವರ ಮಾತು. ಅಕ್ಕ ಮೂವತ್ತು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದಳು.

ಮುರಿದದ್ದು ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು, ಕೆಲಸ ನಿಂತಿತ್ತು. ನಮ್ಮೂರಿನ ಸಾರ್ವಜನಿಕ ವಾಚನಾಲಯದ ಬಗ್ಗೆ ಯಾರೋ ಬರೆದ ಇತಿಹಾಸದ ಪ್ರಬಂಧ ಅವಳ ತೊಡೆಯ ಮೇಲಿತ್ತು. ಹತ್ತು ಪುಟ ಓದಿ ತಲೆ ಎತ್ತಿದಳು.

"ಪುಟ್ಟೀ, ಇದು ಸುಳ್ಳು ಕಣೇ!"

ನಲವತ್ತೇಳು ವರ್ಷದ ನನ್ನನ್ನು ಇನ್ನೂ ಪುಟ್ಟಿ ಎಂದು ಕರೆಯುವವಳು ಅವಳೊಬ್ಬಳೇ.

"ಯಾವುದು ನಿಜ ಇತ್ತು ಇಷ್ಟು ದಿನ?" ಎಂದೆ.

"ವಾಚನಾಲಯ ಶುರು ಮಾಡಿದ್ದು ಗಿರಣಿ ಯಜಮಾನ್ರು ಅಂತ ಬರೆದಿದ್ದಾರೆ. ಅಲ್ಲ. ಗೋಂದಜ್ಜ ಹೇಳ್ತಿದ್ರು, ಅದನ್ನ ಶುರು ಮಾಡಿದ್ದು ಅಚ್ಚುಕೂಟದ ಕೆಲಸದವರು. ಅಜ್ಜನ ಅಪ್ಪನೂ ಅದರಲ್ಲಿ ಒಬ್ರು."

"ಬೋರ್ಡಿನ ಮೇಲೆ ಯಜಮಾನ್ರ ಹೆಸರಿದೆಯಲ್ಲ."

"ಬೋರ್ಡು ಯಾರು ಬೇಕಾದ್ರೂ ಬರೆಸ್ತಾರೆ."

ಅಲ್ಲಿಂದ ಶುರುವಾಯಿತು. ಅರ್ಧಕ್ಕೆ ನಿಂತಿದ್ದ ಬಿ.ಎ.ಯನ್ನು ಮನೆಯಲ್ಲೇ ಓದಿ ಮುಗಿಸಿದಳು. ಬೆಳಗಿನ ತರಗತಿಯ ಎಂ.ಎ. ಸೇರಿದಳು. ಐವತ್ತೆರಡನೇ ವಯಸ್ಸಿನಲ್ಲಿ, ತಾನು ಯಾರ ಪ್ರಬಂಧಗಳಿಗೆ ರಟ್ಟು ಹಾಕುತ್ತಿದ್ದಳೋ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಭಾವ ಒಳ್ಳೆಯವರು, ಲಿಫ್ಟ್ ರಿಪೇರಿ ಕೆಲಸ. "ನಿಮ್ಮಕ್ಕ ಮೇಲಕ್ಕೆ ಹೋಗ್ತಿದ್ದಾಳೆ, ಮಧ್ಯೆ ನಿಲ್ಲದಿದ್ರೆ ಸಾಕು" ಎಂದು ನನ್ನ ಹತ್ತಿರ ಹೇಳಿ, ಅಡುಗೆ ತಾವೇ ವಹಿಸಿಕೊಂಡರು. ಎರಡನೇ ವರ್ಷ ಪ್ರಬಂಧ ಬರೆಯಬೇಕಾಗಿ ಬಂದಾಗ ಅಕ್ಕ ಆರಿಸಿಕೊಂಡ ವಿಷಯ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮೂರ ವಾಚನಾಲಯ, ಅದನ್ನು ಕಟ್ಟಿದವರು ಯಾರು?

ಅವಳ ಗೈಡ್ ಸಾರ್ ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. ನಾನೂ ಜೊತೆಗಿದ್ದ ದಿನ ಅವಳ ಎರಡನೇ ಅಧ್ಯಾಯವನ್ನು ಮುಂದಿಟ್ಟುಕೊಂಡು ಹೇಳಿದರು:

"ನೋಡಮ್ಮ, ವಾಚನಾಲಯದ ಮೂರನೇ ವರ್ಷದ ವರದಿ ಇದೆ, ಅದರಲ್ಲಿ ಯಜಮಾನ್ರಿಗೆ ವಂದನೆ ಇದೆ. ಮೊದಲನೇ ವರ್ಷದ ನಡಾವಳಿ ಪುಸ್ತಕ ಕಳೆದುಹೋಗಿದೆ. ನಿನ್ನ ಹತ್ರ ಇರೋದು ಒಬ್ಬ ಅಜ್ಜನ ಮಾತು. ಅಜ್ಜನ ಮಾತು ಕಥೆಯಾಗುತ್ತೆ, ಇತಿಹಾಸ ಆಗಲ್ಲ. ದಾಖಲೆ ತಗೊಂಡು ಬಾ, ಇಲ್ಲಾ ಈ ಅಧ್ಯಾಯ ತೆಗಿ. ಸಲ್ಲಿಸೋಕೆ ಇನ್ನು ನಲವತ್ತು ದಿನ ಇದೆ."

ಆ ಅಧ್ಯಾಯ ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ಕಿಟಕಿ ಎಷ್ಟು, ಕುರ್ಚಿ ಎಷ್ಟು ಎನ್ನುವ ಪಟ್ಟಿ. ಅಂಗಡಿಯ ಬಾಗಿಲು ತೆಗೆಯುವಾಗ ಅಕ್ಕ ಹೇಳಿದಳು: "ಅಜ್ಜ ಸಾಯೋ ವರ್ಷ ಆ ನಡಾವಳಿ ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಹೋಗಿದ್ರು ಕಣೇ. ಅಪ್ಪನ ಗುರುತು ಅದರಲ್ಲಿದೆ, ಒಂದ್ಸಲ ನೋಡಬೇಕು ಅಂತ. ನಾನೇ ಕೈ ಹಿಡಿದು ಕರ್ಕೊಂಡು ಹೋಗಿದ್ದೆ. ಸಿಗಲಿಲ್ಲ." ಅಜ್ಜ ಹೋಗಿ ಮೂವತ್ತನಾಲ್ಕು ವರ್ಷವಾಗಿತ್ತು. ಅಕ್ಕ ಮಾತ್ರ ನಿನ್ನೆ ಮೊನ್ನೆಯ ಸುದ್ದಿಯಂತೆ ಹೇಳಿದಳು.

ಐದನೇ ದಿನ ವಾಚನಾಲಯದಿಂದ ಒಂದು ಪುಸ್ತಕ ರಿಪೇರಿಗೆ ಬಂತು. ಅಲ್ಲಿನ ಹರಿದ ಪುಸ್ತಕಗಳೆಲ್ಲ ನಮ್ಮಲ್ಲಿಗೇ ಬರುವುದು. ಕಿಟಕಿಯ ಪಕ್ಕ ನೀರು ಬಿದ್ದು ಇದರ ಬೆನ್ನು ಊದಿಕೊಂಡಿತ್ತು. ನಾನು ಮುಂದೆ ಯಾರದೋ ನಕಲು ಹೊಡೆಯುತ್ತಿದ್ದೆ. ಹಿಂದೆ ಅಕ್ಕ ಬೆನ್ನಿನ ಬಟ್ಟೆ ಎಬ್ಬಿಸುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆಮೇಲೆ ಅಂಗಡಿ ಹಾರಿಹೋಗುವಂತೆ ಒಂದು ಕಿರುಚು.

"ಪುಟ್ಟೀ! ಬಾರೇ ಇಲ್ಲಿ! ಬೇಗ ಬಾ!"

ಬೆರಳು ಕೊಯ್ದುಕೊಂಡಳೆಂದೇ ಅಂದುಕೊಂಡೆ. ಓಡಿದೆ. ಬೆರಳು ಹತ್ತೂ ಇದ್ದವು. ಅದರಲ್ಲಿ ಒಂದು ಪುಸ್ತಕದ ಬೆನ್ನಿನ ಕಡೆಗೆ ತೋರಿಸುತ್ತಿತ್ತು.

ರಟ್ಟುಕಟ್ಟುವವರು ಹೊಲಿಗೆಯ ಮೇಲೆ, ಬೆನ್ನು ಬಿಗಿಯಾಗಲೆಂದು, ಒಂದು ರದ್ದಿ ಕಾಗದದ ಪಟ್ಟಿ ಅಂಟಿಸುತ್ತಾರೆ. ಅದರ ಮೇಲೆ ಬಟ್ಟೆ ಬರುವುದರಿಂದ ಪುಸ್ತಕ ಬಿಚ್ಚುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಪಟ್ಟಿಯ ಮೇಲೆ ಕೈಬರಹವಿತ್ತು. ಕಂದು ಮಸಿ, ದುಂಡನೆಯ ಅಕ್ಷರ. ನಾನು ಗಟ್ಟಿಯಾಗಿ ಓದಿದೆ:

"...ಕೆಲಸ ಮುಗಿಸಿ ಕೈ ತೊಳೆದು ಬಂದವರೆಲ್ಲ ಕೂಡಿ, ಅಚ್ಚುಕೂಟದ ಹಿಂದಿನ ಕೋಣೆಯನ್ನೇ ಸದ್ಯಕ್ಕೆ ವಾಚನಾಲಯವೆಂದು ಕರೆಯತಕ್ಕದ್ದೆಂದೂ, ಪ್ರತಿಯೊಬ್ಬರೂ ಒಂದೊಂದು ಪುಸ್ತಕ..."

"ಅಕ್ಕಾ! ನಡಾವಳಿ ಕಣೇ ಇದು! ಮೊದಲನೇ ವರ್ಷದ್ದು!" ಎಂದು ನಾನು ಕುಣಿದೆ. ನಿಜವಾಗಿಯೂ ಕುಣಿದೆ. ಜೆರಾಕ್ಸಿಗೆ ನಿಂತಿದ್ದ ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದ.

ಅಕ್ಕ ಕುಣಿಯಲಿಲ್ಲ. ಅವಳು ಪಟ್ಟಿಯನ್ನು ಬಿಟ್ಟು, ಅದರ ಅಂಚಿನಲ್ಲಿ ಕಾಣುತ್ತಿದ್ದ ದಾರದ ತುದಿ ನೋಡುತ್ತಿದ್ದಳು. ಗಂಟು ಉಲ್ಟಾ ತಿರುಗಿತ್ತು.

"ಇದು ನನ್ನ ಗಂಟು" ಎಂದಳು.

ಆಮೇಲೆ ಒಂದೊಂದೇ ಮಾತು ಹೊರಬಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಜ್ಜನ ಬಳಿ ಕೆಲಸ ಕಲಿಯುತ್ತಿದ್ದಾಗ, ವಾಚನಾಲಯದಿಂದ ನಲವತ್ತು ಪುಸ್ತಕಗಳ ದೊಡ್ಡ ಕೆಲಸ ಬಂದಿತ್ತು. ದೊಡ್ಡ ಕೆಲಸ ಕೊಡುವವರು ಬೆನ್ನಿಗೆ ಬೇಕಾಗುವ ರದ್ದಿಯನ್ನೂ ಜೊತೆಗೇ ಕಳಿಸುವುದು ಆಗಿನ ವಾಡಿಕೆ. ಒಂದು ಗೋಣಿಚೀಲದ ತುಂಬ ರದ್ದಿ. ಅಜ್ಜನಿಗೆ ಜ್ವರ, ಮನೆಯಲ್ಲಿದ್ದರು. ಚೀಲದಲ್ಲಿ ರಟ್ಟು ಕಿತ್ತುಹೋದ ಒಂದು ಹಳೆಯ ತೆಳ್ಳನೆಯ ಪುಸ್ತಕ ಸಿಕ್ಕಿತು. ಒಂದೇ ಮಗ್ಗುಲಲ್ಲಿ ಬರೆದದ್ದು, ಬಟ್ಟೆಯಂಥ ಗಟ್ಟಿ ಕಾಗದ, ಪುಟದ ಅಗಲ ಸರಿಯಾಗಿ ಆ ಪುಸ್ತಕಗಳ ಬೆನ್ನಿನಷ್ಟೇ ಉದ್ದ. ಅಡ್ಡಡ್ಡ ಕತ್ತರಿಸಿದರೆ ಒಂದು ಪುಟಕ್ಕೆ ಐದು ಪಟ್ಟಿ, ಒಂದಿಷ್ಟೂ ಹಾಳಾಗದೆ. ಅಂಥ ರದ್ದಿ ಸಿಕ್ಕಿತೆಂದು ಅವಳಿಗೆ ಆ ದಿನ ಎಷ್ಟು ಖುಷಿಯಾಗಿತ್ತೆಂದರೆ, ಹಾಡು ಗುನುಗುತ್ತಾ ಕತ್ತರಿಸಿದ್ದಳಂತೆ. ಓದಿರಲಿಲ್ಲ. ಓದಬಾರದಲ್ಲ.

"ಅಜ್ಜ ಅದೇ ಪುಸ್ತಕ ಹುಡುಕಿದ್ದು ಕಣೇ. ನನ್ನ ಕೈ ಹಿಡ್ಕೊಂಡೇ ಹುಡುಕಿದ್ದು. ಹರಿದ ಕೈಯನ್ನೇ ಹಿಡ್ಕೊಂಡು."

ಅಕ್ಕ ಅತ್ತಳು. ಅವಳನ್ನು ಹೇಗೆ ಸಮಾಧಾನ ಮಾಡುವುದೆಂದು ನನಗೆ ತಿಳಿಯಲಿಲ್ಲ. ಸಮಾಧಾನ ಮಾಡುವುದು ನನಗೆ ಬರುವುದೂ ಇಲ್ಲ. ಗಿರಾಕಿಯನ್ನು ಗದರಿಸಿ ಕಳಿಸಿ, ಟೀ ತರಿಸಿದೆ. ಅರ್ಧ ಲೋಟ ಕುಡಿದಿದ್ದಳೋ ಇಲ್ಲವೋ, ಲೋಟ ಕುಕ್ಕಿ ಎದ್ದು ನಿಂತಳು. ಕೆನ್ನೆ ಇನ್ನೂ ಒದ್ದೆ, ಆದರೆ ಕಣ್ಣು ಬೇರೆಯಾಗಿತ್ತು.

"ಪುಟ್ಟೀ! ಹಾಗಾದ್ರೆ ಅದು ಕಳೆದಿಲ್ಲ! ಒಂದು ಚೂರೂ ಕಳೆದಿಲ್ಲ! ಎಲ್ಲಾ ನಾನೇ ಅಂಟಿಸಿ ಇಟ್ಟಿದ್ದೀನಿ! ಕಪಾಟಿನ ಕ್ರಮದಲ್ಲೇ ಕಟ್ಟಿದ್ದು, ಕತ್ತರಿಸಿದ ಕ್ರಮದಲ್ಲೇ ಅಂಟಿಸಿದ್ದು. ಇದರ ಮೇಲಿನ ಕಪಾಟಿನ ನಂಬರು ನೋಡು, ಇದು ಮೂರನೇ ಪುಸ್ತಕ, ಮೊದಲ ಪುಟದ ಮೂರನೇ ಪಟ್ಟಿ. ಒಂದರಲ್ಲಿ ಒಂದನೇದು, ಎರಡರಲ್ಲಿ ಎರಡನೇದು. ಎದ್ದೇಳು, ಬಾಗಿಲು ಹಾಕು!"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವಳು ಕೂಸನ್ನು ಹೊಲಿದೇ ಇಟ್ಟಿದ್ದಳು.

ವಾಚನಾಲಯದ ಮೇಡಂ ಗಂಭೀರ ಹೆಂಗಸು, ಚಪ್ಪಲಿ ಸದ್ದಾದರೂ ಹುಬ್ಬು ಗಂಟಿಕ್ಕುವವರು. ಅಕ್ಕ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು, ತಾನೇ ಹರಿದದ್ದೊಂದನ್ನು ಬಿಟ್ಟು. ಅದನ್ನು ಹೇಳಲು ಬಾಯಿ ತೆರೆದಾಗ ನಾನು ಅವಳ ಕಾಲು ತುಳಿದೆ. ಮೇಡಂ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಪುಸ್ತಕ ಬಿಚ್ಚೋಕೆ ಬಿಟ್ರೆ ನನ್ನ ಕೆಲಸ ಹೋಗುತ್ತೆ" ಎಂದರು. ಆಮೇಲೆ ಕಪಾಟಿನ ಕಡೆ ತಿರುಗಿ, "ದಿನಕ್ಕೆ ಒಂದು. ಹೊಸದಾಗಿ ಕಟ್ಟಿ ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು. ಮತ್ತೆ, ಏನು ಸಿಕ್ತು ಅಂತ ಮೊದಲು ನನಗೆ ಹೇಳಬೇಕು" ಎಂದರು. ಆಮೇಲೆ ತಾವೇ ಏಣಿ ಹತ್ತಿದರು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ. ಪುಸ್ತಕದ ನಡುವೆ ತೆರೆದು ಗಂಟು ನೋಡುವುದು, ಉಲ್ಟಾ ಇದ್ದರೆ ನಮ್ಮದು. ಬೆನ್ನಿನ ಬಟ್ಟೆ ಎಬ್ಬಿಸಿ, ಅಂಚಿಗೆ ತೆಳ್ಳನೆ ಅಂಟನ್ನೇ ಸವರಿ ಹಳೆಯ ಅಂಟು ಮೆದುವಾಗುವವರೆಗೆ ಕಾಯುವುದು. ಆ ಕಾಯುವ ಹೊತ್ತಿನಲ್ಲಿ ಗಿರಾಕಿ ಬಂದರೆ "ಅಂಗಡಿ ಇಲ್ಲ" ಎನ್ನುತ್ತಿದ್ದೆ, ಅಂಗಡಿಯೊಳಗೇ ನಿಂತು. ಅಕ್ಕ ಮೂಳೆಯ ಚಪ್ಪಟೆ ಕಡ್ಡಿಯನ್ನು ಒಳಗೆ ತೂರಿಸಿ, ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಎತ್ತುತ್ತಿದ್ದಳು. ಎತ್ತಿದ್ದನ್ನು ಗಾಜಿನ ಮೇಲೆ ಹರಡಿ, ಮೇಲಿನ ಪಟ್ಟಿಯ ಕೆಳಗೆ ಕೆಳಗಿನದನ್ನು ಸರಿಸಿದರೆ, ಅಕ್ಷರದ ತಲೆ ಅಕ್ಷರದ ಕಾಲಿಗೆ ಸೇರಿಕೊಳ್ಳುತ್ತಿತ್ತು. ಆಗ ಇಬ್ಬರೂ ಒಟ್ಟಿಗೇ ಕೂಗುತ್ತಿದ್ದೆವು. ಭಾವ ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತು, "ಸಿಕ್ತಾ?" ಎನ್ನುವರು. ಸಿಕ್ಕಿದ ದಿನ ಅಕ್ಕ ಊಟ ಮರೆಯುತ್ತಿದ್ದಳು, ಸಿಗದ ದಿನ ನಾನು ಎರಡೂ ಡಬ್ಬಿ ಖಾಲಿ ಮಾಡುತ್ತಿದ್ದೆ.

ಮೊದಲ ಪುಟದ ನಾಲ್ಕು ಪಟ್ಟಿ ಸೇರಿದವು. ಮೊದಲ ಸಭೆಯ ದಿನ, ಕೋಣೆ, ಒಂದು ದೀಪ, ತಂದ ಪುಸ್ತಕಗಳ ಲೆಕ್ಕ, ಎಲ್ಲವೂ ಇತ್ತು. ಕೊನೆಯ ಸಾಲು: "ಮೇಲ್ಕಂಡ ತೀರ್ಮಾನಕ್ಕೆ ಒಪ್ಪಿ ಗುರುತು ಹಾಕಿದವರು". ಅಲ್ಲಿಗೆ ಕಾಗದ ಮುಗಿದಿತ್ತು. ಗುರುತುಗಳೆಲ್ಲ ಐದನೇ ಪಟ್ಟಿಯಲ್ಲಿ, ಅಂದರೆ ಐದನೇ ಪುಸ್ತಕದ ಬೆನ್ನಿನಲ್ಲಿ. ಕಪಾಟಿನಲ್ಲಿ ನಾಲ್ಕರ ಪಕ್ಕ ಆರು ನಿಂತಿತ್ತು.

ಮೇಡಂ ಎರವಲು ದಾಖಲೆ ತೆರೆದು, ಬೆರಳು ಇಳಿಸುತ್ತಾ ಹೋದರು. ಬೆರಳು ನಿಂತಿತು. "ಹನ್ನೊಂದು ವರ್ಷದ ಹಿಂದೆ ತಗೊಂಡು ಹೋಗಿದ್ದಾರೆ. ವಾಪಸ್ ಬಂದಿಲ್ಲ" ಎಂದು ನಮ್ಮ ಕಡೆ ನೋಡಿ, "ನಿಮ್ಮ ಗೈಡ್ ಸಾರ್" ಎಂದರು.

ಗೈಡ್ ಸಾರ್ ಮನೆಗೆ ನಾವು ನಡೆದು ಹೋಗಲಿಲ್ಲ, ಓಡಿದೆವು. ಇಬ್ಬರು ಮಧ್ಯವಯಸ್ಸಿನ ಹೆಂಗಸರು ಹಾಡಹಗಲಲ್ಲಿ ರಸ್ತೆಯಲ್ಲಿ ಓಡಿದರೆ ಜನ ಏನು ಎಂದುಕೊಳ್ಳುತ್ತಾರೋ ಅದನ್ನೇ ಅಂದುಕೊಂಡಿರಬೇಕು. ಸಾರ್ ಬಾಗಿಲಲ್ಲೇ, "ಲೈಬ್ರರಿ ಪುಸ್ತಕ ಯಾವುದೂ ನನ್ನ ಹತ್ರ ಇಲ್ಲ, ನಾನೆಲ್ಲಾ ವಾಪಸ್ ಮಾಡಿದ್ದೀನಿ" ಎಂದು ಖಡಾಖಂಡಿತವಾಗಿ ಹೇಳಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ರೀ, ಮೇಜಿನ ಕಾಲು ಕುಂಟುತ್ತೆ ಅಂತ ಕೆಳಗೆ ಇಟ್ಟಿದ್ದೀರಲ್ಲ, ಅದು ಯಾವುದು?"

ಅದೇ ಅದು. ಐದನೇ ಪುಸ್ತಕ. ಊರಿಗೆಲ್ಲ ದಾಖಲೆ ಕೇಳುವ ಮನುಷ್ಯ, ಆ ದಾಖಲೆಯ ಮೇಲೆಯೇ ಹನ್ನೊಂದು ವರ್ಷ ಮೇಜು ನಿಲ್ಲಿಸಿ ಊಟ ಮಾಡಿದ್ದರು. ನನಗೆ ನಗು ತಡೆಯಲಾಗಲಿಲ್ಲ. ತಡೆಯುವ ಪ್ರಯತ್ನವನ್ನೂ ನಾನು ಮಾಡಲಿಲ್ಲ.

ಅಕ್ಕ ಚೀಲದಲ್ಲಿ ಸಾಮಾನು ತಂದಿದ್ದಳು. ಅದೇ ಕುಂಟು ಮೇಜಿನ ಮೇಲೆ ಬಿಚ್ಚಿದಳು. ಸಾರ್ ಮೊದಲು ಕುರ್ಚಿಯಲ್ಲಿದ್ದರು, ಆಮೇಲೆ ಎದ್ದರು, ಆಮೇಲೆ ಅವರ ತಲೆ ಅಕ್ಕನ ತಲೆಗೆ ತಾಗುವಷ್ಟು ಬಗ್ಗಿತು. ಬಟ್ಟೆ ಎದ್ದಿತು. ಹನ್ನೊಂದು ಗುರುತು. ಎಂಟು ಸಹಿ, ಮೂರು ಹೆಬ್ಬೆಟ್ಟು. ಹೆಬ್ಬೆಟ್ಟುಗಳು ಅಚ್ಚಿನ ಕಪ್ಪು ಮಸಿಯಲ್ಲೇ ಒತ್ತಿದವು, ಇನ್ನೂ ಹೊಳೆಯುತ್ತಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಹೆಸರು, ಕೆಲಸ. ಅಚ್ಚಿನ ಮೊಳೆ ಜೋಡಿಸುವವರು ಐದು ಜನ, ಯಂತ್ರ ತಿರುಗಿಸುವವರು ಮೂರು, ಕಾಗದ ಹೊರುವವರು ಇಬ್ಬರು, ರಟ್ಟುಕಟ್ಟುವವರು ಒಬ್ಬರು. ಆ ಕೊನೆಯದು ಹೆಬ್ಬೆಟ್ಟು. ಅದು ಗೋಂದಜ್ಜನ ಅಪ್ಪ. ಗಿರಣಿ ಯಜಮಾನರ ಹೆಸರು ಎಲ್ಲಿಯೂ ಇರಲಿಲ್ಲ.

"ಓದೋಕೆ ಬರದವರೂ ಸೇರಿ ಓದೋ ಮನೆ ಕಟ್ಟಿದಾರಲ್ಲಮ್ಮ" ಎಂದರು ಸಾರ್. ದನಿ ಕಾಗದದ ಮನುಷ್ಯನದಾಗಿರಲಿಲ್ಲ. ಅಕ್ಕ ಆ ಹೆಬ್ಬೆಟ್ಟಿನ ಪಕ್ಕ ತನ್ನ ಹೆಬ್ಬೆಟ್ಟನ್ನು, ಮುಟ್ಟಿಸದೆ, ಹಿಡಿದು ನೋಡಿದಳು.

ಎರಡನೇ ಪುಟಕ್ಕೆ ಆರರಿಂದ ಹತ್ತರವರೆಗಿನ ಪುಸ್ತಕಗಳು. ಆರು, ಏಳು, ಒಂಬತ್ತು, ಹತ್ತು ಬಿಚ್ಚಿದೆವು; ಉಳಿದ ಮೂವತ್ತಕ್ಕೆ ದಿನ ಸಾಲುತ್ತಿರಲಿಲ್ಲ. ಎಂಟನ್ನು ಬಿಚ್ಚಲು ಹೋದರೆ ಅಕ್ಕ ನನ್ನ ಕೈಗೆ ಹೊಡೆದಳು. "ಇದು ಬೇಡ. ಮೇಡಂ ಬೀಗ ಹಾಕಿ ಇಟ್ಟುಕೊಳ್ಳಲಿ. ನಾಳೆ ಯಾರಾದ್ರೂ ನಂಬಲ್ಲ ಅಂದ್ರೆ ಬೇಕಾಗುತ್ತೆ." ನನಗೆ ಮೈಯೆಲ್ಲ ಉರಿಯಿತು. ಏಳನೆಯದರ ಪಟ್ಟಿ "ಗಿರಣಿ ಯಜಮಾನರು ನಮ್ಮ ವಾಚನಾಲಯಕ್ಕೆ" ಎಂದು ಮುಗಿದಿತ್ತು. ಒಂಬತ್ತನೆಯದು "ಎಂದು ತೀರ್ಮಾನವಾಯಿತು" ಎಂದು ಶುರುವಾಗಿತ್ತು. ನಡುವೆ ಯಜಮಾನರು ಏನು ಮಾಡಿದರೆಂದು ತಿಳಿಯದೆ ನಾನು ಎರಡು ತಿಂಗಳು ಬದುಕಬೇಕಾಯಿತು.

ಜಗಳ ಆದದ್ದು ಬರೆಯುವಾಗ. ಸಾರ್ ಆಗಲೇ ಎಚ್ಚರಿಸಿದ್ದರು: ಹೊರಗಿನಿಂದ ಬರುವ ಪರೀಕ್ಷಕರು ಮೊದಲು ಕೇಳುವುದು, ಈ ಚೂರುಗಳು ಅಲ್ಲಿಗೆ ಹೇಗೆ ಬಂದವು, ಯಾರು ಹಾಕಿದರು, ಯಾವಾಗ. ನಾನು ಟೈಪ್ ಮಾಡಿದ್ದೆ: "ಯಾರೋ ಅಪರಿಚಿತ ರಟ್ಟುಕಟ್ಟುವವರು". ಅಕ್ಕ ಅದನ್ನು ಅಳಿಸಿ, ಕೈಯಲ್ಲಿ ಬರೆದ ಚೀಟಿ ಮುಂದಿಟ್ಟಳು. "ಈ ನಡಾವಳಿ ಪುಸ್ತಕವನ್ನು ಹರಿದು ಬೆನ್ನುಪಟ್ಟಿ ಮಾಡಿದವಳು ಈ ಪ್ರಬಂಧದ ಲೇಖಕಿಯೇ. ಓದದೆ ಹರಿದದ್ದು ಅವಳ ತಪ್ಪು."

"ನಾನು ಹೊಡೆಯಲ್ಲ" ಎಂದೆ. "ಲೈಬ್ರರಿ ಕೆಲಸ ಪೂರ್ತಿ ಕೈಬಿಡುತ್ತೆ. ಊರೆಲ್ಲ ಆಡಿಕೊಳ್ಳುತ್ತೆ. ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ."

"ಅನ್ನಲಿ. ಮೇಯ್ದಿದ್ದೀನಲ್ಲ."

"ಯಾರಿಗೂ ಗೊತ್ತಿಲ್ಲ ಅಕ್ಕ!"

"ಗೊತ್ತಿಲ್ಲದೇ ಇದ್ರೆ, ಕ್ರಮ ನನಗೆ ಹೇಗೆ ಗೊತ್ತು ಅಂತ ಹೇಳ್ಲಿ? ಯಾರೋ ಅಪರಿಚಿತ ಅಂದ್ರೆ, ಮತ್ತೆ ಅಜ್ಜನ ಮಾತೇ ಆಯ್ತು. ನಾನು ಅಂದ್ರೇನೇ ಅದು ಸಾಕ್ಷಿ." ಚೀಟಿಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ ಹೇಳಿದಳು, "ಪುಟ್ಟೀ, ಇಷ್ಟು ವರ್ಷ ಇಬ್ರೂ ಸೇರಿ ಊರಿನ ಸುಳ್ಳಿಗೆಲ್ಲಾ ರಟ್ಟು ಹಾಕಿದ್ದೀವಿ. ನನ್ನದಕ್ಕೂ ಹಾಕಿಸಬೇಡ."

ಒಂದಿಡೀ ಮಧ್ಯಾಹ್ನ ನಾನು ಮುಖ ಊದಿಸಿಕೊಂಡಿದ್ದೆ. ಸಂಜೆ ಹೊಡೆದೆ. ನನ್ನ ಇಪ್ಪತ್ತೈದು ವರ್ಷದ ಟೈಪಿಂಗಿನಲ್ಲಿ ಅಂಥ ವಾಕ್ಯ ಯಾರ ಪ್ರಬಂಧದಲ್ಲೂ ಬಂದಿರಲಿಲ್ಲ. ಬೆರಳುಗಳಿಗೆ ಅದು ಹೊಸದು.

ನಲವತ್ತನೇ ದಿನ, ಕಚೇರಿ ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ಸಲ್ಲಿಸಿದೆವು.

ಮೌಖಿಕ ಪರೀಕ್ಷೆ ಇತಿಹಾಸ ವಿಭಾಗದ ಉದ್ದನೆಯ ಕೋಣೆಯಲ್ಲಿ ನಡೆಯಿತು. ಯಾರು ಬೇಕಾದರೂ ಕೂತು ಕೇಳಬಹುದಾದ್ದರಿಂದ ನಾನು, ಭಾವ, ವಾಚನಾಲಯದ ಮೇಡಂ ಹಿಂದಿನ ಸಾಲಿನಲ್ಲಿ ಕೂತೆವು. ಮೇಡಂ ಪ್ರಬಂಧ ಓದಿಬಿಟ್ಟಿದ್ದಾರೆಂದು ನನಗೆ ಗೊತ್ತಿತ್ತು. ಬೆಳಗಿನಿಂದ ನಮ್ಮ ಕಡೆ ತಿರುಗಿರಲಿಲ್ಲ. ತೊಡೆಯ ಮೇಲೆ, ಕಾಗದ ಸುತ್ತಿ ಅರಗಿನ ಮುದ್ರೆ ಒತ್ತಿದ ಎಂಟನೇ ಪುಸ್ತಕವಿತ್ತು.

ಹೊರಗಿನಿಂದ ಬಂದ ಪರೀಕ್ಷಕಿಗೆ ಬೆಳ್ಳಗಿನ ಗಿಡ್ಡ ಕೂದಲು, ಹರಿತವಾದ ದನಿ. ಅರ್ಧ ಗಂಟೆ ಅದೂ ಇದೂ ಕೇಳಿ, ಪ್ರಬಂಧ ಮುಚ್ಚಿಟ್ಟರು.

"ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಳೇ ಕಾಗದ, ಹಳೇ ಅಂಟು, ಹಳೇ ಹೊಲಿಗೆ, ಇದೆಲ್ಲಾ ಈ ಊರಿನಲ್ಲಿ ಚೆನ್ನಾಗಿ ಬಲ್ಲವರು ನೀವೇ. ಈ ಚೂರು ನೀವೇ ತಯಾರು ಮಾಡಿ ಒಳಗೆ ಇಟ್ಟಿಲ್ಲ ಅಂತ ನಾನು ಹೇಗೆ ನಂಬಲಿ?"

ನಾನು ಎದ್ದೇ ಬಿಟ್ಟೆ. ಭಾವ ನನ್ನ ಸೆರಗು ಹಿಡಿದು ಕೂರಿಸಿದರು. ಅಕ್ಕನ ಮುಖದಲ್ಲಿ ಮಾತ್ರ ಏನೋ ಬೆಳಕು. ಈ ಪ್ರಶ್ನೆಗಾಗಿಯೇ ಎರಡು ತಿಂಗಳಿಂದ ಕಾಯುತ್ತಿದ್ದವಳು.

"ಹರಿದವಳು ನಾನೇ ಮೇಡಂ. ಬರೆದಿದ್ದೀನಿ. ಅದಕ್ಕೇ ಯಾವ ಚೂರು ಎಲ್ಲಿದೆ ಅಂತ ಬಿಚ್ಚದೇ ಹೇಳಬಲ್ಲೆ. ಮೂವತ್ತನಾಲ್ಕು ವರ್ಷದಿಂದ ಬಿಚ್ಚದ ಪುಸ್ತಕ ಒಂದಿದೆ. ಅದರಲ್ಲಿ ಎರಡನೇ ಪುಟದ ಮೂರನೇ ಪಟ್ಟಿ ಇರಬೇಕು. ಏಳನೇದರ ಕೊನೆಯ ಮಾತಿಂದ ಮುಂದುವರಿದು, ಒಂಬತ್ತನೇದರ ಮೊದಲ ಮಾತಿಗೆ ಸೇರಬೇಕು. ಸೇರದಿದ್ರೆ ಈ ಅಧ್ಯಾಯ ತೆಗೆದುಬಿಡಿ. ನಾನು ಒಂದು ಮಾತೂ ಆಡಲ್ಲ."

ಆ ಗೋಣಿಚೀಲದಲ್ಲಿ ಬೇರೆ ರದ್ದಿಯೂ ಇತ್ತು. ಆ ದಿನ ನಡುವೆ ಒಂದು ಬೇರೆ ಪಟ್ಟಿ ಕೈಗೆ ಬಂದಿದ್ದರೆ? ಕ್ರಮ ಒಂದೇ ಒಂದು ಸಲ ತಪ್ಪಿದ್ದರೆ?

ಪರೀಕ್ಷಕಿ ಮುದ್ರೆ ತಾವೇ ಒಡೆದರು. ಮೊದಲು ನಡುವಿನ ಹಾಳೆ ತೆರೆದು ಗಂಟು ನೋಡಿದರು, ಉಲ್ಟಾ. ಅಕ್ಕ ದಾರ ಹಿಡಿದು ಅವರೆದುರೇ ಒಂದು ಗಂಟು ಹಾಕಿ ಪಕ್ಕದಲ್ಲಿಟ್ಟಳು. ಅದೂ ಉಲ್ಟಾ, ಅದೇ ತಿರುವು. ಆಮೇಲೆ ಬೆನ್ನಿನ ಬಟ್ಟೆಗೆ ಕತ್ತಿ ಇಟ್ಟಳು. ಬಟ್ಟೆ ಎದ್ದಿತು. ಕಂದು ಮಸಿ. ದುಂಡನೆಯ ಅಕ್ಷರ.

ಪರೀಕ್ಷಕಿ ಏಳನೆಯ ಪಟ್ಟಿಯ ಚಿತ್ರವನ್ನು ಮೇಲಿಟ್ಟು, ಒಂಬತ್ತನೆಯದನ್ನು ಕೆಳಗಿಟ್ಟು, ಹರಿತವಾದ ಆ ದನಿಯಲ್ಲಿ ಓದಿದರು:

"ಗಿರಣಿ ಯಜಮಾನರು ನಮ್ಮ ವಾಚನಾಲಯಕ್ಕೆ... ಆರು ಹಳೆಯ ಕುರ್ಚಿ ಕೊಡುವುದಾಗಿಯೂ, ಅದಕ್ಕಾಗಿ ಬಾಗಿಲ ಮೇಲೆ ಸ್ಥಾಪಕರೆಂದು ತಮ್ಮ ಹೆಸರು ಬರೆಸತಕ್ಕದ್ದೆಂದೂ ಹೇಳಿ ಕಳಿಸಿದ್ದಾರೆ. ನಿಂತು ಕೆಲಸ ಮಾಡಿ ಸೊಂಟ ನೋವಿರುವವರು ನಮ್ಮಲ್ಲಿ ನಾಲ್ವರು ಇರುವುದರಿಂದ, ಕುರ್ಚಿ ತೆಗೆದುಕೊಳ್ಳುವುದು, ಹೆಸರು ಬರೆಸಿಕೊಳ್ಳಲಿ... ಎಂದು ತೀರ್ಮಾನವಾಯಿತು."

ಮೊದಲು ನಕ್ಕವರು ಪರೀಕ್ಷಕಿ. ಅವರು ನಕ್ಕ ಮೇಲೆ ಕಟ್ಟೆ ಒಡೆಯಿತು. ಗೈಡ್ ಸಾರ್ ಮೇಜು ಕುಟ್ಟಿ ನಕ್ಕರು, ಭಾವ ಸದ್ಯ ಈ ಸಲವಾದರೂ ಕೇಳದೆ, "ಸಿಕ್ತು!" ಎಂದರು. ಆರು ಕುರ್ಚಿಗೆ ತೊಂಬತ್ತು ವರ್ಷದ ಬೋರ್ಡು! ಅಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು, ಕೈಯಲ್ಲಿ ಕತ್ತಿ ಹಾಗೇ ಇತ್ತು.

"ಅಧ್ಯಾಯ ಇರುತ್ತೆ" ಎಂದರು ಪರೀಕ್ಷಕಿ. "ತಪ್ಪೊಪ್ಪಿಗೆನೂ ಇರಲಿ. ನನ್ನನ್ನ ನಂಬಿಸಿದ್ದು ಅದೇ."

ಹೊರಗೆ ಮೆಟ್ಟಿಲ ಬಳಿ ವಾಚನಾಲಯದ ಮೇಡಂ ನಮ್ಮನ್ನು ತಡೆದರು. ನಾನು ಕಚ್ಚಾಡಲು ಸಿದ್ಧಳಾದೆ. ಮೇಡಂ ಅಕ್ಕನ ಮುಖವನ್ನೇ ನೋಡಿ, "ರದ್ದಿ ಅಂತ ಚೀಲಕ್ಕೆ ತುಂಬಿದ್ದು ನಿಮ್ಮ ಕೈ ಅಲ್ಲ, ನಮ್ಮ ಕಡೆಯವರ ಕೈ" ಎಂದರು. "ನಮ್ಮಲ್ಲಿ ಇನ್ನೂ ಹದಿಮೂರು ಚೀಲ ಇದೆ. ನಾಳೆಯಿಂದ ಬನ್ನಿ. ಮೊದಲು ಓದಿ, ಆಮೇಲೆ ಹರೀರಿ." ನನ್ನ ಸಿಟ್ಟಿಗೆ ಕೆಲಸವೇ ಇಲ್ಲದಂತಾಯಿತು.

ಮರುದಿನ ಬೆಳಿಗ್ಗೆ ಅಕ್ಕ ವಾಚನಾಲಯಕ್ಕೆ ಕೊಡಬೇಕಾದ ಪ್ರತಿಯನ್ನು ಕಟ್ಟಲು ಕೂತಳು. ಹಾಳೆ ಜೋಡಿಸಿ, ಹೊಲಿದು, ಉಲ್ಟಾ ಗಂಟು ಹಾಕಿದಳು. ಬೆನ್ನಿಗೆ ಪಟ್ಟಿ ಬೇಕಲ್ಲ, ರದ್ದಿಯ ಡಬ್ಬಕ್ಕೆ ಕೈ ಹಾಕಿ, ಕೈ ಹಿಂದಕ್ಕೆ ತೆಗೆದಳು.

"ಪುಟ್ಟೀ, ದಪ್ಪ ಕಾಗದದ ಮೇಲೆ ಆ ಹನ್ನೊಂದು ಜನರ ಹೆಸರು, ಕೆಲಸ ಹೊಡೆದುಕೊಡೇ. ಬೆನ್ನಿನಷ್ಟು ಉದ್ದಕ್ಕೆ. ಯಾವತ್ತೋ ಒಂದು ದಿನ ಯಾರಾದ್ರೂ ಇದನ್ನೂ ಬಿಚ್ತಾರಲ್ಲ."

ಹೊಡೆದುಕೊಟ್ಟೆ. ಅವಳು ಪಟ್ಟಿಯ ಹಿಂಬದಿಗೆ ಅಂಟು ಸವರುವ ಮೊದಲು ಅದನ್ನು ಎತ್ತಿ ಹಿಡಿದು ಗಟ್ಟಿಯಾಗಿ ಓದಿದಳು, ಒಬ್ಬೊಬ್ಬರ ಹೆಸರೂ, ಒಬ್ಬೊಬ್ಬರ ಕೆಲಸವೂ. ಕೊನೆಯ ಹೆಸರಿಗೆ ಬಂದು ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಓದಿದಳು. ನಾನು ಮುಂದಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತೆ, ಮೂರನೇ ಸಲ ಇಬ್ಬರೂ ಒಟ್ಟಿಗೆ ಓದಿದೆವು.

ಅಷ್ಟು ಹೊತ್ತಿಗೆ ಬಟ್ಟಲಿನಲ್ಲಿ ಅಂಟು ಒಣಗಿಹೋಗಿತ್ತು. ನಾನು ಎದ್ದು ಹೊಸದಾಗಿ ಕಾಯಿಸಲು ನೀರಿಟ್ಟೆ.